ಹಾಡಿಗೆ ಮೊದಲ ಪಾಸು, ತಲೆಗೊಂದು ಮೈಸೂರು ಪೇಟ

ಆ ಫೋಟೋ ನಿಮಗೂ ಬಂದಿರ್ತದೆ ಬಿಡಿ, ಕೊಡಗಲ್ಲಿ ಅದು ಬರದೇ ಉಳಿದ ವಾಟ್ಸಾಪ್ ಗ್ರೂಪೇ ಇಲ್ಲ. ಫ್ಯಾಮಿಲಿ ಗ್ರೂಪಲ್ಲಿ ಬಂತು, ಕಾಳುಮೆಣಸಿನ ರೇಟ್ ಹಾಕೋ ಗ್ರೂಪಲ್ಲಿ ಬಂತು, ಆನೆ ಈಗ ಯಾರ ತೋಟದಲ್ಲಿದೆ ಅಂತ ಹೇಳೋ ಗ್ರೂಪಲ್ಲೂ ಬಂತು. "ಹಾಡಿಯಲ್ಲೇ ಮೊದಲ ಬಾರಿಗೆ ಎಸ್‌ಎಸ್‌ಎಲ್‌ಸಿ ಪಾಸಾದ ವಿದ್ಯಾರ್ಥಿನಿಗೆ ಸನ್ಮಾನ." ಹಾಡಿ ಅಂದ್ರೆ ನಮ್ಮ ಕಡೆ ಆದಿವಾಸಿಗಳ ಕೇರಿ. ಸ್ಟೇಜ್ ಮೇಲೆ ಎಷ್ಟು ಜನ ಹತ್ತಿದ್ದಾರೆ ಅಂದ್ರೆ ಹುಡುಗೀನ ಹುಡುಕಬೇಕು. ಹುಡುಕಿದ್ರೆ ಸಿಕ್ತಾಳೆ, ಎಡಗಡೆ ಮೂಲೇಲಿ, ಹಣ್ಣಿನ ಬುಟ್ಟಿ ಹಿಂದೆ. ತಲೆ ಮೇಲೆ ಮೈಸೂರು ಪೇಟ, ದೊಡ್ಡವರ ಸೈಜು, ಹುಬ್ಬಿನ ತನಕ ಇಳಿದು ಕೂತಿದೆ. ಅದು ಕಣ್ಣಿನ ಮೇಲೆ ಬೀಳಬಾರ್ದು ಅಂತ ಒಂದು ಕೈಲಿ ಪೇಟ ಹಿಡ್ಕೊಂಡಿದ್ದಾಳೆ, ಇನ್ನೊಂದು ಕೈಲಿ ಸೇಬು ಜಾರದ ಹಾಗೆ ಬುಟ್ಟಿ ಒತ್ಕೊಂಡಿದ್ದಾಳೆ. ಶಾಲು ಹೊದೆಸಿದವರು ಅವಳ ಕಡೆ ನೋಡ್ತಾ ಇಲ್ಲ, ಎಲ್ಲರೂ ಕ್ಯಾಮೆರಾ ಕಡೆ. ಅಪ್ಪ ಅಮ್ಮ ಫ್ರೇಮಲ್ಲೇ ಇಲ್ಲ, ತೋಟದಲ್ಲಿ ಒಂದು ದಿನ ಹೋದ್ರೆ ಒಂದು ದಿನದ ಕೂಲಿ ಹೋಯ್ತಲ್ಲ.

ನಾನೂ ಚಪ್ಪಾಳೆ ಇಮೋಜಿ ಹಾಕ್ದೆ, ಹುಡುಗಿಗೆ. ಆಮೇಲೆ ನೋಡಿದ್ರೆ ಚಪ್ಪಾಳೆ ಎಲ್ಲಾ ಸ್ಟೇಜಿನವರ ಅಕೌಂಟಿಗೆ ಜಮಾ ಆಗ್ತಾ ಇದೆ. ಇಲಾಖೆಯ ನಿರಂತರ ಶ್ರಮದ ಫಲ ಅಂತೆ. ಆದಿವಾಸಿಗಳನ್ನ ಮುಖ್ಯವಾಹಿನಿಗೆ ತರೋದ್ರಲ್ಲಿ ಮೈಲಿಗಲ್ಲು ಅಂತೆ. ಅಲ್ಲ ಮಾರಾಯ್ರೆ, ಸಂವಿಧಾನದಲ್ಲಿ 45ನೇ ವಿಧಿ ಅಂತ ಒಂದಿತ್ತು, 1950ರಲ್ಲೇ ಜಾರಿಗೆ ಬಂದಿದ್ದು, ಇನ್ನು ಹತ್ತು ವರ್ಷದೊಳಗೆ ಹದಿನಾಲ್ಕು ವಯಸ್ಸಿನ ತನಕ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡೋಕೆ ಪ್ರಯತ್ನ ಪಡ್ತೀವಿ ಅಂತ. ಲೆಕ್ಕ ಹಾಕಿ, 1960ಕ್ಕೆ ವಾಯಿದೆ ಮುಗೀತು. ಆಗ ಶಾಲೆಗೆ ಸೇರಬೇಕಿದ್ದ ಮಗು ಈಗ ಅಜ್ಜಿ. ಆ ಅಜ್ಜಿಯ ಮೊಮ್ಮಗಳು ಇವತ್ತು ಹಾಡೀಲೇ ಮೊದಲು ಹತ್ತನೇ ಕ್ಲಾಸ್ ಪಾಸಾದ್ರೆ ಅದನ್ನ ಸಾಧನೆ ಅಂತ ಶಾಲು ಹೊದ್ಕೊಳ್ಳೋರು ಯಾರು ಅಂದ್ರೆ, ಅಷ್ಟು ವರ್ಷ ಲೇಟ್ ಮಾಡಿದವರೇ. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಆದ್ರೂ ಉದಾಹರಣೆ ಕೊಡ್ತೀನಿ, ರೈಲು ಅರವತ್ತು ವರ್ಷ ತಡವಾಗಿ ಬಂತು ಅಂತ ಸ್ಟೇಷನ್ ಮಾಸ್ಟರಿಗೆ ಹಾರ ಹಾಕಿದ ಹಾಗೆ.

ಆದ್ರೂ ಇದರ ಹಿಂದಿನ ದೂರಾಲೋಚನೆ ಮೆಚ್ಚಬೇಕು. ಈ "ಹಾಡಿಯ ಮೊದಲ" ಅನ್ನೋದು ಮುಗಿಯೋ ಸರಕಲ್ಲ. ತಿತಿಮತಿ ಕಡೆ ಹಾಡಿಗಳು, ಸಿದ್ದಾಪುರ ಕಡೆ ಹಾಡಿಗಳು, ನಾಗರಹೊಳೆ ಒಳಗಿನವು, ಕುಟ್ಟದ ಹತ್ರದವು. ವರ್ಷಕ್ಕೊಂದು ಹಾಡೀಲಿ ಒಬ್ಬರು ಪಾಸಾದ್ರೂ ಸಾಕು, ನಮ್ಮ ಕಾಲ ಮುಗಿಯೋ ತನಕ ಸನ್ಮಾನಕ್ಕೆ ಬರಗಾಲ ಇಲ್ಲ. ಎಸ್‌ಎಸ್‌ಎಲ್‌ಸಿ ಆದ್ಮೇಲೆ ಮೊದಲ ಪಿಯುಸಿ ಉಂಟು, ಮೊದಲ ಡಿಗ್ರಿ ಉಂಟು, ಮೊದಲ ನರ್ಸು, ಮೊದಲ ಪೊಲೀಸು. ಒಂದೇ ಸಲಕ್ಕೆ ಇಪ್ಪತ್ತು ಮಕ್ಕಳು ಪಾಸಾಗಿಬಿಟ್ರೆ ಯಾರಿಗೆ ಅಂತ ಪೇಟ ಇಡೋದು, ಪೇಟ ಬಾಡಿಗೆಗೆ ಕೊಡೋನ ಗತಿ ಏನು. ಹಾಗಾಗಿ ಒಬ್ಬೊಬ್ಬರನ್ನೇ ಬಿಡೋದು, ನಿಧಾನಕ್ಕೆ.

ನಾವು ಹಿಂದುಳಿದ ಜಿಲ್ಲೆ ಏನಲ್ಲ ಮತ್ತೆ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದಾಗ ನಮ್ಮ ಹೆಸರು ಮೇಲಿನ ಸಾಲಲ್ಲೇ ಇರ್ತದೆ, 2025ರಲ್ಲಿ ರಾಜ್ಯಕ್ಕೆ ಐದನೇ ಸ್ಥಾನ. 2011ರ ಜನಗಣತೀಲಿ ಜಿಲ್ಲೆಯ ಸಾಕ್ಷರತೆ 82 ಪರ್ಸೆಂಟ್ ಚಿಲ್ಲರೆ, ಇಡೀ ರಾಜ್ಯದ್ದು 75 ಚಿಲ್ಲರೆ, ರಾಜ್ಯದ ಪರಿಶಿಷ್ಟ ಪಂಗಡದವರದ್ದು ಮಾತ್ರ 62. ಅದೂ ಎಲ್ಲ ಪಂಗಡಗಳನ್ನ ಒಟ್ಟಿಗೆ ಹಾಕಿ ಕಲಸಿದ ಲೆಕ್ಕ, ಊರಲ್ಲಿ ಮನೆ ಮಠ ಇರೋರೂ ತೋಟದ ಲೈನ್ ಮನೇಲಿ, ಅಂದ್ರೆ ಕೂಲಿಯವರ ಸಾಲು ಮನೇಲಿರೋ ಪಣಿಯ ಎರವರೂ ಅದರಲ್ಲಿ ಒಂದೇ. 2021ಕ್ಕೆ ಆಗಬೇಕಿದ್ದ ಗಣತಿ 2027ಕ್ಕೆ ಹೋಯ್ತು. ಜೇನುಕುರುಬರನ್ನ ಸರ್ಕಾರ ಅತಿ ದುರ್ಬಲ ಬುಡಕಟ್ಟು ಅಂತ ಪಟ್ಟಿ ಮಾಡಿದೆ, ರಾಜ್ಯದಲ್ಲಿ ಆ ಪಟ್ಟೀಲಿರೋದು ಕೊರಗರು ಮತ್ತೆ ಇವರು, ಇಬ್ಬರೇ. ಎರವರು ಆ ಪಟ್ಟೀಲಿ ಇಲ್ಲ. ದುರ್ಬಲ ಅನ್ನಿಸ್ಕೊಳ್ಳೋಕೂ ಇಲ್ಲಿ ಅರ್ಹತೆ ಬೇಕು.

ಇನ್ನು ಮಕ್ಕಳು ಯಾಕೆ ಶಾಲೆ ಬಿಡ್ತಾರೆ ಅನ್ನೋ ಪ್ರಶ್ನೆ. ಇದಕ್ಕೆ ಉತ್ತರ ಯಾವತ್ತೋ ಸಿಕ್ಕಾಗಿದೆ. ಶಾಲೆ ಬಿಟ್ಟ ಮಕ್ಕಳ ಸರ್ವೆ ಫಾರಂ ನೀವು ನೋಡಬೇಕು, ಕಾರಣ ಅಂತ ಒಂದು ಕಾಲಂ ಇರ್ತದೆ, ಅದರಲ್ಲಿ ಮೇಲಿಂದ ಕೆಳಗಿನ ತನಕ ಒಂದೇ ಕೈಬರಹದಲ್ಲಿ "ಪೋಷಕರ ನಿರಾಸಕ್ತಿ". ಮೊದಲ ಸಾಲಲ್ಲಿ ಪೂರ್ತಿ ಬರೆದು, ಕೆಳಗೆಲ್ಲಾ ಎರಡೆರಡು ಗೀಟು, ಅಂದ್ರೆ ಮೇಲಿನಂತೆ. ಎಂತ ಸಂಶೋಧನೆ ನೋಡಿ, ಇಡೀ ತಾಲೂಕಿನ ಅಪ್ಪ ಅಮ್ಮಂದಿರ ಮನಸ್ಸನ್ನ ಎರಡು ಗೀಟಲ್ಲಿ ಅಳೆದು ಮುಗಿಸಿಬಿಟ್ರು.

ನಿರಾಸಕ್ತಿ ಹೇಗೆ ಬರ್ತದೆ ಅಂತ ಕ್ಯಾಲೆಂಡರ್ ಇಟ್ಕೊಂಡು ನೋಡಿ. ಅರೇಬಿಕಾ ನವೆಂಬರ್ ಡಿಸೆಂಬರಲ್ಲಿ ಹಣ್ಣಾಗ್ತದೆ, ರೋಬಸ್ಟಾ ಜನವರಿಯಿಂದ ಹಿಡಿದು ಮಾರ್ಚ್ ತನಕ ಎಳೀತದೆ, ಅದರ ಬೆನ್ನಿಗೇ ಮೆಣಸು. ಕೊಯ್ಲಿನ ಕೂಲಿ ಬಹಳ ಕಡೆ ಕೆಜಿ ಲೆಕ್ಕ, ಕೈ ಎಷ್ಟಿದ್ರೆ ಅಷ್ಟು ಕೆಜಿ, ಹತ್ತು ವರ್ಷದ ಕೈಯೂ ಕೈಯೇ. ಕೊಯ್ಯೋಕಾಗದಷ್ಟು ಚಿಕ್ಕವಳಾದ್ರೆ ಪುಟ್ಟ ತಮ್ಮನನ್ನ ಎತ್ಕೊಂಡು ಗಿಡದ ಬುಡದಲ್ಲಿ ಕೂರಬೇಕು, ಅಮ್ಮ ಸಾಲಿಂದ ಸಾಲಿಗೆ ಹೋದ ಹಾಗೆ ಇವಳೂ ಚೀಲ ಎಳ್ಕೊಂಡು ಹಿಂದೆ ಹಿಂದೆ. ಆ ಕಡೆ ಶಾಲೇಲಿ ಪ್ರಿಪರೇಟರಿ ಪರೀಕ್ಷೆ, ರಿವಿಷನ್ನು, ವಿಶೇಷ ತರಗತಿ ಎಲ್ಲಾ ಕರೆಕ್ಟಾಗಿ ಅದೇ ಫೆಬ್ರವರೀಲಿ. ಪರೀಕ್ಷೆ ಮುಂದೆ ಹಾಕೋಕಾಗಲ್ಲ, ಅದು ಇಡೀ ರಾಜ್ಯದ್ದು. ಕಾಫಿ ಮುಂದೆ ಹಾಕೋಕಾಗಲ್ಲ, ಅದು ಸಾಹುಕಾರ್ರದ್ದು. ಮಿಕ್ಕಿದ್ದು ಮಗು.

ಮತ್ತೆ ಲೈನ್ ಮನೆ ಅನ್ನೋದು ಹೆಸರಿಗೆ ಮನೆ. ಕೆಲಸ ಇದ್ರೆ ಮನೆ, ಕೆಲಸ ಬಿಟ್ರೆ ಪಾತ್ರೆ ಪಗಡ ಹೊರಗೆ. ಮದುವೆಗೋ ಕಾಯಿಲೆಗೋ ತಗೊಂಡ ಮುಂಗಡ ಯಾವತ್ತೂ ತೀರಲ್ಲ, ಜೀತ ರದ್ದಾಗಿ 1976ಕ್ಕೇ ಕಾನೂನು ಬಂದಿದೆ, ಹಾಗಾಗಿ ಇದನ್ನ ಯಾರೂ ಜೀತ ಅನ್ನಲ್ಲ, ಮುಂಗಡ ಅಂತಾರೆ. ಈ ತೋಟದಿಂದ ಆ ತೋಟಕ್ಕೆ ಹೋದ್ರು ಅಂದ್ರೆ ವರ್ಷದ ಮಧ್ಯೆ ಮಗುವಿನ ಶಾಲೆಯೂ ಬದಲು, ಟಿಸಿ ಯಾರು ತರ್ತಾರೆ, ಹಳೇ ಶಾಲೆ ರಿಜಿಸ್ಟರಲ್ಲಿ ಅವನು ದೀರ್ಘ ಗೈರು, ಹೊಸ ಶಾಲೇಲಿ ಅವನು ಇಲ್ಲವೇ ಇಲ್ಲ. ದಿಡ್ಡಳ್ಳಿ ನೆನಪಿದ್ಯಲ್ಲ? 2016ರ ಡಿಸೆಂಬರ್, ಆದಿವಾಸಿಗಳ ಐನೂರಕ್ಕಿಂತ ಜಾಸ್ತಿ ಗುಡಿಸಲು ಜೆಸಿಬಿ ಹಚ್ಚಿ ಕಿತ್ತರು. ಆಮೇಲೆ ಅಲ್ಲಿದ್ದೋರನ್ನ ಬಸವನಹಳ್ಳಿ, ಬ್ಯಾಡಗೊಟ್ಟ ಅಂತ ಕುಶಾಲನಗರದ ಕಡೆ ಸಾಗಿಸಿದ್ರು. ಶೈಕ್ಷಣಿಕ ವರ್ಷದ ನಟ್ಟನಡುವೆ ಮನೆ ಮೇಲೆ ಜೆಸಿಬಿ ಹತ್ತಿಸೋದಕ್ಕೆ ಆ ಫಾರಮ್ಮಲ್ಲಿ ಕಾಲಂ ಇಲ್ಲ. ಪೋಷಕರ ನಿರಾಸಕ್ತಿ, ಮೇಲಿನಂತೆ.

ಆ ಮಕ್ಕಳಿಗೆ ಕಲಿಕಾ ಮಟ್ಟ ಕಡಿಮೆ ಅಂತಾರೆ, ಅದ್ರಲ್ಲೂ ಭಾಷೆ. ಏಳು ವರ್ಷದ ಎರವರ ಹುಡುಗ, ಮನೇಲಿ ಎರವ ಮಾತು ಆಡ್ತಾನೆ, ತೋಟದ ಮನೇಲಿ ಕೊಡವ ತಕ್ಕ್ ಅರ್ಥ ಆಗ್ತದೆ, ಅಂಗಡಿ ಕಾಕನ ಹತ್ರ ಮಲಯಾಳಂ, ಪಕ್ಕದ ಲೈನಿಗೆ ಅಸ್ಸಾಮಿನವರು ಬಂದ್ಮೇಲೆ ಅವರ ಮಕ್ಕಳ ಜೊತೆ ಗೋಲಿ ಆಡೋಕೆ ಬೇಕಾದಷ್ಟು ಹಿಂದಿ, ಶಾಲೇಲಿ ಕನ್ನಡ. ಅವನ ರಿಪೋರ್ಟಲ್ಲಿ ನಿಧಾನ ಕಲಿಕೆ ಅಂತ ಬರೀತಾರೆ. ನಮ್ಮನೆ ಮಗು ಇಂಗ್ಲಿಷ್ ಮೀಡಿಯಮ್ಮಿಗೆ ಹೋಗಿ "ಮಮ್ಮೀ ವಾಟರ್ ಬೇಕು" ಅಂದ್ರೆ ಸಾಕು, ಅಜ್ಜಿ ದೃಷ್ಟಿ ತೆಗೀತಾರೆ. 2020ರ ಶಿಕ್ಷಣ ನೀತೀಲಿ ಬರೆದಿದ್ದಾರೆ, ಸಾಧ್ಯ ಆದಲ್ಲೆಲ್ಲಾ ಐದನೇ ಕ್ಲಾಸ್ ತನಕ ಮನೆ ಮಾತಲ್ಲೇ ಕಲಿಸಿ ಅಂತ, ನಾವು ಅದನ್ನ ಹಿಡ್ಕೊಂಡು ಕನ್ನಡವೋ ಹಿಂದಿಯೋ ಇಂಗ್ಲಿಷೋ ಅಂತ ಟಿವೀಲಿ ಕಿತ್ತಾಡಿದ್ವಿ, ಜೇನುಕುರುಬರ ಮನೇಲೂ ಒಂದು ಮಾತಿದೆ ಅಂತ ಆ ಗಲಾಟೇಲಿ ಯಾರಿಗೂ ಹೊಳೀಲೇ ಇಲ್ಲ. ಕನ್ನಡ ಹೋರಾಟಗಾರರಿಗೂ ಹೊಳೀಲಿಲ್ಲ, ಅದೂ ಸೇರಿಸಿ ಹೇಳ್ತೀನಿ, ಬೈಯೋರು ಬೈರಿ.

ಮಳೆ ರಜೆ ವಿಷಯ ಹೇಳದೆ ಕೊಡಗಿನ ಶಿಕ್ಷಣದ ಬಗ್ಗೆ ಬರೆಯೋಕಾಗ್ತದಾ. ಜುಲೈ ಬಂತು ಅಂದ್ರೆ ಜಿಲ್ಲೆಯ ಅತಿ ಜನಪ್ರಿಯ ಸಾಹಿತ್ಯ ಅಂದ್ರೆ ಜಿಲ್ಲಾಧಿಕಾರಿಗಳ ರಜೆ ಆದೇಶ. ರಾತ್ರಿ ಒಂಬತ್ತರಿಂದ ಶುರು, ರಜೆ ಉಂಟಾ, ಡಿಸಿ ಸಾರ್ ಪ್ಲೀಸ್, ಪಕ್ಕದ ಜಿಲ್ಲೇಲಿ ಕೊಟ್ರಂತೆ ನಮಗ್ಯಾಕಿಲ್ಲ, ಹೋದ ವರ್ಷದ ಆದೇಶದ ತಾರೀಖು ತಿದ್ದಿ ಬಿಡೋ ಪುಣ್ಯಾತ್ಮರು ಬೇರೆ, ಅದನ್ನ ನಂಬಿ ಮಡಿಕೇರಿಯ ಅರ್ಧ ಊರು ಬೆಳಿಗ್ಗೆ ಎಂಟರ ತನಕ ನಿದ್ದೆ. ಗೋಡೆ ಗಟ್ಟಿ ಇರೋ ಮನೆಯ ಮಕ್ಕಳು, ಗೇಟಿಂದ ಗೇಟಿಗೆ ವ್ಯಾನಲ್ಲಿ ಹೋಗೋ ಮಕ್ಕಳು, ಅವರು ನೆನೀತಾರಲ್ಲ ಅಂತ ನಮಗೆ ಎಷ್ಟು ಸಂಕಟ. ಕೊಡೋದು ಸರಿಯೇ, 2018ರ ಆಗಸ್ಟಲ್ಲಿ ಗುಡ್ಡ ಕುಸಿದಿದ್ದು ನೋಡಿದೋರು ಯಾರೂ ಮಳೆ ಜೊತೆ ತಮಾಷೆ ಮಾಡಲ್ಲ. ಆದ್ರೆ ಆ ಆದೇಶ ನೆಟ್‌ವರ್ಕ್ ಇಲ್ಲದ ಹಾಡಿಗೆ ಹೇಗೆ ಹೋಗ್ತದೆ? ಹೋಗಲ್ಲ. ಮಕ್ಕಳು ಗೊರಬೆಯೋ ಪ್ಲಾಸ್ಟಿಕ್ಕೋ ತಲೆಗೆ ಹಾಕ್ಕೊಂಡು, ದಾರೀಲಿ ಆನೆ ಲದ್ದಿ ಬಿಸಿ ಇದ್ಯಾ ತಣ್ಣಗಿದ್ಯಾ ನೋಡ್ಕೊಂಡು, ಹಳ್ಳ ದಾಟಿ ಬಂದು ನೋಡಿದ್ರೆ ಗೇಟಿಗೆ ಬೀಗ. ವಾಪಸ್ ನಡೆ. ಮಾರನೇ ದಿನ ಬಿಸಿಲು ಬಂದು ಶಾಲೆ ತೆಗೀತದೆ, ಇವತ್ತೂ ರಜೆ ಇರಬಹುದು ಅಂತ ಅವರು ಬರಲ್ಲ, ರಿಜಿಸ್ಟರಲ್ಲಿ ಕೆಂಪಿಂಕಲ್ಲಿ ಗೈರು. ಹಿಂದೆ ಎಂಟನೇ ಕ್ಲಾಸಿಗೆ ಸೈಕಲ್ ಕೊಡ್ತಿದ್ರು, 2006ರಲ್ಲಿ ಶುರುವಾಗಿದ್ದು ಕೊರೊನಾ ಟೈಮಲ್ಲಿ ನಿಂತೋಯ್ತು. ಆ ದಾರೀಲಿ ಸೈಕಲ್ ಹೊಡೆದೋರು ಯಾರಾದ್ರೂ ಇದ್ರೆ ಅವರಿಗೆ ಒಲಿಂಪಿಕ್ಸಲ್ಲಿ ಸೀಟ್ ಕೊಡಬೇಕು, ಅದು ಬೇರೆ ಮಾತು.

ಹಾಡೀಲೇ ಶಾಲೆ ಮಾಡಿ ಅಂದ್ರೆ ಅರಣ್ಯ. ಕಾಡಲ್ಲಿ ಕಟ್ಟಡ ಕಟ್ಟೋಹಾಗಿಲ್ಲ, ರಸ್ತೆ ಹಾಕೋಹಾಗಿಲ್ಲ, ಕರೆಂಟ್ ಎಳೆಯೋಹಾಗಿಲ್ಲ, ಹುಲಿಗೆ ತೊಂದರೆ. ಪಾಪ, ನಾನೂ ಬಹಳ ದಿನ ಹುಲಿಯನ್ನೇ ಬೈಕೊಂಡಿದ್ದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3ನೇ ಸೆಕ್ಷನ್ನಿನ ಎರಡನೇ ಉಪಸೆಕ್ಷನ್ ತೆಗೆದು ಓದಿ, ಸ್ಪಷ್ಟವಾಗಿದೆ, ಗ್ರಾಮಸಭೆ ಶಿಫಾರಸು ಮಾಡಿದ್ರೆ ಒಂದು ಹೆಕ್ಟೇರ್ ಒಳಗಿನ ಕಾಡುಜಾಗ ಶಾಲೆಗೆ, ಅಂಗನವಾಡಿಗೆ, ಆಸ್ಪತ್ರೆಗೆ, ರಸ್ತೆಗೆ, ಕುಡಿಯೋ ನೀರಿಗೆ ಕೊಡಬಹುದು, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯಬಾರ್ದು ಅಷ್ಟೇ. ಕಾನೂನು ಬಂದು ಇಷ್ಟು ವರ್ಷ ಆಯ್ತು, ಇದನ್ನ ಓದಿದ ಹುಲಿ ಇರಬಹುದು, ಅಧಿಕಾರಿಗಳು ಕಡಿಮೆ. ಅದೇ ಕಾಡಲ್ಲಿ ವರ್ಷಗಟ್ಟಲೆ ಬೆಳಿಗ್ಗೆ ಸಂಜೆ ಸಫಾರಿ ಗಾಡಿ ಓಡಿದೆ, ಬೆಂಗಳೂರಿನ ಮಗು ಕೈ ತೋರಿಸಿ ಕಿರುಚಿದ್ರೂ ಹುಲಿಗೆ ತೊಂದರೆ ಆಗಿಲ್ಲ, ಜೇನುಕುರುಬರ ಮಗು ಮಗ್ಗಿ ಹೇಳಿದ್ರೆ ಮಾತ್ರ ಹುಲಿಗೆ ನಿದ್ದೆ ಕೆಡ್ತದೆ. 2025ರ ಮೇ ತಿಂಗಳಲ್ಲಿ ಐವತ್ತು ಚಿಲ್ಲರೆ ಜೇನುಕುರುಬರ ಕುಟುಂಬಗಳು ನಾಗರಹೊಳೆ ಒಳಗಿನ ಕರಡಿಕಲ್ಲು ಅತ್ತೂರುಕೊಲ್ಲಿಗೆ, ತಮ್ಮ ಹಿರಿಯರ ಜಾಗಕ್ಕೆ ವಾಪಸ್ ಹೋಗಿ ಕೂತಾಗ ಎಷ್ಟು ಜನಕ್ಕೆ ಪರಿಸರ ಕಾಳಜಿ ಉಕ್ಕಿ ಬಂತು ನೋಡಿದ್ರಲ್ಲ. ಹೋಂಸ್ಟೇಗೆ ಗುಡ್ಡ ಸೀಳುವಾಗ ಈ ಕಾಳಜಿ ರಜೆ ಮೇಲಿರ್ತದೆ.

ಹಾಗಾಗಿ ಮಗುವನ್ನೇ ಹಾಡಿಯಿಂದ ಎತ್ಕೊಂಡು ಹೋಗಿ ಆಶ್ರಮ ಶಾಲೇಲಿ ಇಡ್ತಾರೆ. ಅಲ್ಲಿ ಅನ್ನ ಉಂಟು, ಬಟ್ಟೆ ಉಂಟು, ಹಾಸಿಗೆ ಉಂಟು, ಒಳ್ಳೇ ಮನಸ್ಸಿನ ಟೀಚರೂ ಉಂಟು, ಅವರಲ್ಲಿ ಬಹಳ ಜನ ಹೊರಗುತ್ತಿಗೆ, ಸಂಬಳ ಯಾವಾಗ ಬರ್ತದೆ ಅಂತ ಅವರಿಗೇ ಗ್ಯಾರಂಟಿ ಇಲ್ಲ. ಆರು ವರ್ಷದ ಮಗು ರಾತ್ರಿ ಅಮ್ಮ ಬೇಕು ಅಂತ ಅದರ ಮಾತಲ್ಲಿ ಅಳ್ತದೆ, ಆ ಮಾತು ಅರ್ಥ ಆಗೋರು ಅಲ್ಲಿ ಇನ್ನೊಂದು ಎಂಟು ವರ್ಷದ ಮಗು ಮಾತ್ರ. ಎರಡೂ ಸೇರಿ ಬೇಲಿ ಹಾರಿ ಕಾಡು ದಾರೀಲಿ ಮನೆಗೆ. ಮಕ್ಕಳು ಓಡಿ ಹೋಗ್ತವೆ ಸಾರ್, ಅವಕ್ಕೆ ಕಾಡೇ ಇಷ್ಟ, ಅಂತಾರೆ. ನಮ್ಮ ಮಕ್ಕಳನ್ನ ಆರನೇ ವಯಸ್ಸಿಗೆ ಹಾಸ್ಟೆಲಿಗೆ ಹಾಕಿ ನೋಡಣ, ಅವಕ್ಕೆ ಏನು ಇಷ್ಟ ಅಂತ ಗೊತ್ತಾಗ್ತದೆ.

ಇವರಿಗೆ ಅಂತ ಕೇಂದ್ರದವರು 1997-98ರಲ್ಲಿ ಶುರು ಮಾಡಿದ ವಸತಿ ಶಾಲೆಗೆ ಏಕಲವ್ಯನ ಹೆಸರು, ಯಾರು ಇಟ್ಟರೋ ಅವರ ಧೈರ್ಯಕ್ಕೆ ನಮಸ್ಕಾರ. ಹೆಬ್ಬೆರಳು ಕೇಳೋ ಸಂಪ್ರದಾಯ ಮಾತ್ರ ತಪ್ಪದೆ ನಡೀತಾ ಇದೆ. ಪಾಸಾದ ಆ ಹುಡುಗಿ ಈಗ ಪಿಯುಸಿ ಸೇರಬೇಕು, ಹಾಸ್ಟೆಲ್ ಬೇಕು, ಸ್ಕಾಲರ್‌ಶಿಪ್ ಬೇಕು. ಸ್ಕಾಲರ್‌ಶಿಪ್ಪಿಗೆ ಪೋರ್ಟಲ್, ಪೋರ್ಟಲ್ಲಿಗೆ ಜಾತಿ ಸರ್ಟಿಫಿಕೇಟಿನ ಆರ್‌ಡಿ ನಂಬರ್, ಅದಕ್ಕೆ ನಾಡಕಚೇರಿ, ನಾಡಕಚೇರಿಗೆ ಅಪ್ಪನ ಆಧಾರ್, ಆಧಾರಲ್ಲಿ ಅಪ್ಪನ ಹೆಸರಿಗೆ ಇರೋ ಇನಿಷಿಯಲ್ ರೇಷನ್ ಕಾರ್ಡಲ್ಲಿಲ್ಲ, ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಉಂಟು ಆದ್ರೆ ಹೆಸರಿನ ದೀರ್ಘ ಹೋಗಿದೆ. ತಿದ್ದಿಸೋಕೆ ವಿಳಾಸದ ದಾಖಲೆ ತಗೊಂಡ್ ಬನ್ನಿ. ಲೈನ್ ಮನೆಗೆ ಎಲ್ಲಿಂದ ತರ್ತೀರಿ ದಾಖಲೆ, ವಿಳಾಸ ಅಂತ ಒಂದು ಕಾಗದ ಕೊಟ್ರೆ ನಾಳೆ ಜಾಗವೇ ಕೇಳಿದ್ರೆ ಅಂತ ತೋಟದವರಿಗೆ ಭಯ. ಕೊನೆಗೆ ಎಲ್ಲಾ ಸರಿಯಾಗಿ ಬೆರಳು ಒತ್ತಿ ಅಂದ್ರೆ ಅಪ್ಪನ ಬೆರಳು ಮಷೀನ್ ತಗೊಳಲ್ಲ. ವರ್ಷಗಟ್ಟಲೆ ಕಾಫಿ ಕೊಯ್ದು, ಮೆಣಸು ಉಜ್ಜಿ, ಕತ್ತಿ ಹಿಡಿದು ಗೆರೆ ಎಲ್ಲಾ ಅಳಿಸಿ ಹೋಗಿದೆ. ಒರೆಸಿ ಒತ್ತಿ, ಎಣ್ಣೆ ಹಚ್ಚಿ ಒತ್ತಿ, ಇನ್ನೊಂದು ಬೆರಳು ಒತ್ತಿ, ಸರ್ವರ್ ಡೌನ್, ನಾಳೆ ಬನ್ನಿ. ನಾಳೆ ಅಂದ್ರೆ ಇನ್ನೊಂದು ದಿನದ ಕೂಲಿ, ಬಸ್ಸಿನ ದುಡ್ಡು, ಸಾಹುಕಾರ್ರ ಮುಖ. ದ್ರೋಣಾಚಾರ್ಯ ಒಂದೇ ಸಲ ಕೇಳಿ ಮುಗಿಸಿದ್ದ.

ಇಲ್ಲಿಗೆ ನನಗೆ ತಮಾಷೆ ಸಾಕಾಯ್ತು. ಹಣ ಇಲ್ಲ ಅಂತೇನಿಲ್ಲ, ಯೋಜನೆ ಇಲ್ಲ ಅಂತಿಲ್ಲ, ಇಲಾಖೆ ಉಂಟು, ಗಿರಿಜನರ ಅಭಿವೃದ್ಧಿಗೇ ಅಂತ ಐಟಿಡಿಪಿ ಉಂಟು, 2023ರಲ್ಲಿ ಅತಿ ದುರ್ಬಲ ಬುಡಕಟ್ಟುಗಳಿಗೆ ಪ್ರಧಾನಮಂತ್ರಿ ಜನಮನ್ ಅಂತ ಇನ್ನೊಂದು ಯೋಜನೆ ಬಂತು, ಕಾನೂನು ಅಂತೂ ಪುಸ್ತಕದ ತುಂಬಾ ಉಂಟು. ಒಬ್ಬ ಮನುಷ್ಯ ಲ್ಯಾಪ್‌ಟಾಪ್ ಹಿಡ್ಕೊಂಡು ಜೀಪಲ್ಲಿ ಹಾಡಿಗೆ ಹೋಗಿ ಒಂದು ವಾರ ಕೂತ್ರೆ ಈ ಕಾಗದ ಪತ್ರ ಎಲ್ಲಾ ಮುಗೀತದೆ. ಸನ್ಮಾನಕ್ಕೆ ಅಷ್ಟು ಜನ ಬರೋಕಾಯ್ತಲ್ಲ, ಅದೇ ಡೀಸೆಲ್. ಕೊಯ್ಲಿನ ಟೈಮಲ್ಲಿ ತೋಟದ ಹತ್ರ ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋಕೆ ಒಂದು ಕೋಣೆ, ಒಬ್ಬ ಆಯಾ ಇಟ್ಟರೆ ಎಷ್ಟೋ ಅಕ್ಕಂದಿರು ಶಾಲೇಲಿ ಉಳೀತಾರೆ. ಇದೇನು ಚಂದ್ರಯಾನ ಅಲ್ಲ. ಮಾಡಲ್ಲ ಅಷ್ಟೇ. ಎಲ್ಲರೂ ಓದಿಬಿಟ್ರೆ ಕಾಫಿ ಕೊಯ್ಯೋಕೆ ಯಾರು ಬರ್ತಾರೆ ಅಂತ ನಮ್ಮಲ್ಲೇ ಜನ ಟೀ ಕುಡೀತಾ ಜೋರಾಗೇ ಹೇಳ್ತಾರೆ, ಸಭ್ಯರು, ಅವರ ಮಕ್ಕಳು ಕೆನಡಾದಲ್ಲಿದ್ದಾರೆ.

ಅದಕ್ಕೇ ನಂದೊಂದು ಸಲಹೆ, ಖರ್ಚಿಲ್ಲದ್ದು. ಮೇ ತಿಂಗಳ ನಾಲ್ಕನೇ ಗುರುವಾರ ದೇವರಪುರದಲ್ಲಿ ಕುಂಡೆ ಹಬ್ಬ ಆಗ್ತದಲ್ಲ, ಗೊತ್ತಿಲ್ಲದೋರು ಯಾರೂ ಇಲ್ಲ ಅಂದ್ಕೋತೀನಿ. ಅಯ್ಯಪ್ಪ ಬೇಟೆಗೆ ಅಂತ ಇವರ ಜೊತೆ ಹೊರಟೋನು ದಾರೀಲಿ ಭದ್ರಕಾಳಿನ ನೋಡಿ, ಇವರನ್ನೆಲ್ಲಾ ಅಲ್ಲೇ ಬಿಟ್ಟು ಅವಳ ಹಿಂದೆ ಹೋಗಿಬಿಟ್ಟ ಅಂತ ಕಥೆ, ಆ ಸಿಟ್ಟಿಗೆ ಜೇನುಕುರುಬರು ಎರವರು ಎಲ್ಲಾ ಸೇರಿ, ಗಂಡಸರು ಸೀರೆ ಉಟ್ಟು, ಮುಖಕ್ಕೆ ಬಣ್ಣ ಬಳ್ಕೊಂಡು, ಪ್ಲಾಸ್ಟಿಕ್ ಡ್ರಮ್ಮು ಬಡ್ಕೊಂಡು ದೇವರಿಗೇ ಹಿಗ್ಗಾಮುಗ್ಗಾ ಬೈತಾರೆ. ದೇವರಿಗೆ ಅಂದ್ರೆ ಬರೀ ದೇವರಿಗಲ್ಲ, ಗೋಣಿಕೊಪ್ಪ ರೋಡಲ್ಲಿ ಸಿಕ್ಕ ಎಲ್ಲರಿಗೂ, ಕಾರು ನಿಲ್ಲಿಸಿ, ಸಾಹುಕಾರ್ರು ಪೊಲೀಸ್ರು ಅಂತ ನೋಡದೆ, ನಾವು ನಗ್ತಾ ದುಡ್ಡು ಕೊಟ್ಟು ವಿಡಿಯೋ ಮಾಡ್ಕೋತೀವಿ. ಬೈಸ್ಕೊಂಡೋರು ಕೋಪ ಮಾಡ್ಕೊಳೋಹಾಗಿಲ್ಲ, ಅದು ನಿಯಮ. ವರ್ಷದ ಉಳಿದ ದಿನ ಅದೇ ಬಾಯಿ ಹೂಂ ಸಾರ್ ಅಂತದೆ.

ಶಾಲೆ ಶುರುವಾಗೋದೂ ಮೇ ಕೊನೆಗೇ, ಹಬ್ಬದ ಆಸುಪಾಸಿಗೇ. ಆದಿವಾಸಿ ಶಿಕ್ಷಣದ ಜಿಲ್ಲಾ ಮಟ್ಟದ ಪ್ರಗತಿ ಪರಿಶೀಲನಾ ಸಭೆ ಅವತ್ತೇ ಇಡಿ, ದೇವರಪುರದಲ್ಲೇ ಇಡಿ. ಪವರ್‌ಪಾಯಿಂಟ್ ಬೇಡ, ಗೋಡಂಬಿ ಬಿಸ್ಕೆಟ್ ಬೇಡ. ಅಧಿಕಾರಿಗಳು, ಜನಪ್ರತಿನಿಧಿಗಳು, ತೋಟದವರು, ಬರೆಯೋ ನಮ್ಮಂಥೋರು, ಎಲ್ಲ ಸಾಲಾಗಿ ನಿಂತ್ಕೊಂಡು ಇಲಾಖಾವಾರು ಬೈಸ್ಕೊಳ್ಳೋದು. ನಡಾವಳಿ ಬರೆಯೋ ಗುಮಾಸ್ತರಿಗೆ ಸ್ವಲ್ಪ ಕಷ್ಟ ಆಗ್ತದೆ, ಆ ಮಾತನ್ನೆಲ್ಲಾ ಕಡತಕ್ಕೆ ಇಳಿಸೋದು ಹೇಗೆ ಅಂತ. ತಲೆ ಕೆಡಿಸ್ಕೋಬೇಡಿ, ಒಂದೇ ಸಾಲು ಸಾಕು, "ಪೋಷಕರು ಅತ್ಯಂತ ಆಸಕ್ತಿಯಿಂದ ಭಾಗವಹಿಸಿದರು".